ನಾಯಿ ಕಚ್ಚಿದರೆ ಮೊದಲು ನಲ್ಲಿ, ಆಮೇಲೆ ಆಟೊ

ಸುದ್ದಗುಂಟೆಪಾಳ್ಯದವರಿಗೆ ಆಸ್ಪತ್ರೆ ದೂರವಲ್ಲ. ಅತ್ತ ಜಯನಗರ ಜನರಲ್ ಆಸ್ಪತ್ರೆ, ಇತ್ತ ಸೇಂಟ್ ಜಾನ್ಸ್. ತೊಂದರೆ ಇರುವುದೂ ಅಲ್ಲೇ. ಬೀದಿನಾಯಿ ಕಚ್ಚಿದ ಕೂಡಲೇ ಮಗುವನ್ನು ಎತ್ತಿಕೊಂಡು ಆಟೊ ಹತ್ತಿಬಿಡುತ್ತಾರೆ, ಗಾಯಕ್ಕೆ ನೀರೇ ಸೋಕಿರುವುದಿಲ್ಲ. ತೊಳೆದವರೂ ಎರಡು ಚೊಂಬು ಹುಯ್ದು, ಮೇಲೆ ಅರಿಶಿನ ಮೆತ್ತಿಕೊಂಡು ಬರುತ್ತಾರೆ.

ರೇಬಿಸ್ ವೈರಸ್ ಬರುವುದು ಜೊಲ್ಲಿನಲ್ಲಿ. ಅದರ ಹೊರಪದರ ಕೊಬ್ಬಿನದು, ಸೋಪು ತಾಗಿದರೆ ಒಡೆಯುತ್ತದೆ. ಹಾಗಾಗಿ ವೈರಸ್ ನರ ಹಿಡಿಯುವ ಮುಂಚೆಯೇ ಗಾಯವನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಮೈಸೋಪಾದರೂ ಸರಿ, ಬಟ್ಟೆಸೋಪಾದರೂ ಸರಿ. ಮಗು ಕಿರುಚುವಾಗ ಎರಡು ನಿಮಿಷವೇ ಅರ್ಧ ಗಂಟೆ ಅನ್ನಿಸುತ್ತದೆ. ಅಂದಾಜು ಬೇಡ, ಮೊಬೈಲಿನಲ್ಲಿ ಟೈಮರ್ ಇಡಿ. ನಲ್ಲಿಯಲ್ಲಿ ನೀರಿಲ್ಲವೇ? ಬಕೆಟ್ಟಿನಿಂದ ಒಬ್ಬರು ಹುಯ್ಯುತ್ತಿರಲಿ, ಒಬ್ಬರು ತೊಳೆಯಲಿ. ಗಾಯ ಉಜ್ಜಬೇಡಿ. ರಕ್ತ ಧಾರಾಕಾರವಾಗಿ ಸುರಿಯುತ್ತಿದ್ದರೆ ಮಾತ್ರ ಶುಚಿಯಾದ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ.

ತೊಳೆದಾದ ಮೇಲೆ ಬೆಟಾಡಿನ್ ಇದ್ದರೆ ಹಚ್ಚಿ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಅಜ್ಜಿಯ ಮೇಲಿನ ಗೌರವವನ್ನು ಬೇರೆ ಕಡೆ ತೋರಿಸೋಣ. ಬಿಗಿಯಾಗಿ ಬ್ಯಾಂಡೇಜ್ ಕಟ್ಟಬೇಡಿ.

ಆಮೇಲೆ ಆಸ್ಪತ್ರೆ, ಅದೇ ದಿನ. ಮರಿನಾಯಿ ತಾನೇ, ರಕ್ತ ಬಂದಿಲ್ಲವಲ್ಲ ಎಂಬ ಸಮಾಧಾನ ಬೇಡ. ಪರಚಿದ ಗಾಯಕ್ಕೂ ಲಸಿಕೆ ಬೇಕು. ಬೆಕ್ಕು, ಕೋತಿ ಕಚ್ಚಿದರೂ ಅಷ್ಟೇ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಒಳಕ್ಕೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಬೇಕು. ಗದ್ದಲದ ಓಪಿಡಿಯಲ್ಲಿ ಇದು ಮರೆತುಹೋಗಬಹುದು, ನೀವೇ ಬಾಯಿಬಿಟ್ಟು ಕೇಳಿ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಕೊಡುತ್ತಿದ್ದ ಕಾಲ ಹೋಯಿತು. ಈಗ ಚುಚ್ಚುವುದು ತೋಳಿಗೆ. ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆ ಎಂದು ಹಿಡಿದು 3, 7, 28ನೇ ದಿನ ಚರ್ಮದ ಪದರಕ್ಕೆ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಉಂಟು. ಗಾಯ ಮಾಯಿತೆಂದು ಎರಡನೆಯದಕ್ಕೇ ನಿಲ್ಲಿಸುವವರು ಬಹಳ. ಗಾಯ ಮಾಯುವುದಕ್ಕೂ ರೇಬಿಸ್‌ಗೂ ಸಂಬಂಧವಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಮದ್ದಿಲ್ಲ. ಸಾಕುನಾಯಿಯಾದರೆ 10 ದಿನ ಅದರ ಮೇಲೆ ಕಣ್ಣಿಡಿ, ಆದರೆ ಲಸಿಕೆ ಶುರುಮಾಡಲು ಅಷ್ಟು ದಿನ ಕಾಯಬೇಡಿ.

ಉಳಿದವು ಚುಟುಕಾಗಿ. ಜೇನು ಕಚ್ಚಿದರೆ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕಣಜ ಮುಳ್ಳು ಬಿಡುವುದಿಲ್ಲ. ಉಸಿರು ಕಟ್ಟಿದರೆ, ತುಟಿ ಊದಿದರೆ, ತಲೆ ಸುತ್ತಿದರೆ 108. ಮಕ್ಕಳಿಗೆ ಚೇಳು ಕುಟುಕಿದರೆ ಮನೆಮದ್ದಿಗೆ ಕೂರಬೇಡಿ, ಅದು ಹೃದಯಕ್ಕೇ ಹೊಡೆತ ಕೊಡಬಲ್ಲದು. ಹಾವಾದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಚೀಪುವುದು ಮೂರೂ ಬೇಡ. ಉಂಗುರ, ಕಾಲ್ಗೆಜ್ಜೆ ಬಿಚ್ಚಿ, ಕಚ್ಚಿದ ಕೈಕಾಲು ಅಲುಗದಂತೆ ಹಿಡಿದು, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.