ಬೇಕಾದ್ದನ್ನು ಫಂಕ್ಷನ್ ಕೈಗೇ ಕೊಡಿ

ಸಾರಥಿ, ಹರಿಹರದಿಂದ ದಾವಣಗೆರೆಯ ಬಿಐಇಟಿ, ಯುಬಿಡಿಟಿ ಕಾಲೇಜಿಗೆ ಬಸ್ಸು ಹತ್ತುವ ತಮ್ಮಂದಿರೇ, ತಂಗಿಯರೇ, ಡಿಪೆಂಡೆನ್ಸಿ ಇಂಜೆಕ್ಷನ್ ಅಂದರೆ ಗಾಬರಿ ಬೇಡ. ಫಂಕ್ಷನ್ನಿಗೆ ಬೇಕಾದ್ದನ್ನು ಅದೇ ಹೋಗಿ ತರುವ ಬದಲು ನಾವು ಹೊರಗಿನಿಂದ ಕೊಡುವುದು, ಅಷ್ಟೇ. 2004ರಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಈ ಹೆಸರು ಚಾಲ್ತಿಗೆ ಬಂತು. ಅವರು ಹೇಳಿದ್ದು ಜಾವಾ ಕ್ಲಾಸುಗಳ ಮಾತು. ಜಾವಾಸ್ಕ್ರಿಪ್ಟಿನಲ್ಲಿ ಬರೀ ಫಂಕ್ಷನ್ ಬರೆಯುವವರಿಗೆ ಫ್ರೇಮ್‌ವರ್ಕ್ ಬೇಕಿಲ್ಲ, ಆರ್ಗ್ಯುಮೆಂಟ್ ಸಾಕು. ಮೆಕ್ಕೆಜೋಳ ಮಾರಿದ ರೈತರಿಗೆ ಪಟ್ಟಿ ಬರೆಯುವ ಪ್ರೋಗ್ರಾಂ ಇಟ್ಟುಕೊಂಡೇ ಹೇಳುತ್ತೇನೆ.

- ಲೆಕ್ಕ ಬೇರೆ, ದರ ತರುವುದು ಬೇರೆ. ಪಟ್ಟಿಯ ಲೆಕ್ಕದೊಳಗೆ ಫೆಚ್ ಕರೆದು ಎಪಿಎಂಸಿ ದರ ತರಿಸಬೇಡಿ. ತೂಕ, ದರ, ಹಮಾಲಿ ಮೂರನ್ನೂ ಹೊರಗಿನಿಂದ ಕೊಡಿ. 10 ಕ್ವಿಂಟಲ್, ದರ 2,000, ಹಮಾಲಿ 200 ಎಂದರೆ ಉತ್ತರ 19,800. ನೆಟ್ ಇರಲಿ, ಹೋಗಲಿ.

- ಸಂಖ್ಯೆ ಸಾಕಾದಲ್ಲಿ ಫಂಕ್ಷನ್ ಕೊಡಬೇಡಿ. ತೇವಾಂಶ ನೋಡಿದ ಮೇಲೆ ಯಾವ ದರ ಕೇಳಬೇಕೆಂಬುದು ನಡುವೆಯೇ ತೀರ್ಮಾನವಾಗುವುದಾದರೆ ಮಾತ್ರ ದರ ತರುವ ಫಂಕ್ಷನ್ನನ್ನು ಕೊಡಿ.

- ಗಡಿಯಾರವೂ ಹೊರಗಿನದೇ. ಡೇಟ್.ನೌ, ಮ್ಯಾತ್.ರ್‍ಯಾಂಡಮ್ ಒಳಗೆ ಅಡಗಿದ್ದರೆ ಇವತ್ತು ಪಾಸಾದ ಟೆಸ್ಟ್ ನಾಳೆ ಫೇಲಾಗಬಹುದು. ತಾರೀಖನ್ನೂ ಕೈಗೆ ಕೊಡಿ.

- ಎರಡು ಹಂತದಲ್ಲಿ ಕೊಡಿ. ಮೊದಲ ಫಂಕ್ಷನ್ ದರ ತರುವ ಫಂಕ್ಷನ್ನನ್ನು ತೆಗೆದುಕೊಂಡು ಇನ್ನೊಂದು ಫಂಕ್ಷನ್ ಹಿಂತಿರುಗಿಸಲಿ. ಆ ಇನ್ನೊಂದು ರೈತರ ತೂಕ ತೆಗೆದುಕೊಳ್ಳಲಿ. ಮೊದಲು ಕೊಟ್ಟಿದ್ದನ್ನು ಕ್ಲೋಷರ್ ಕಾಪಾಡುತ್ತದೆ. 2015ರ ಇಎಸ್6ರಲ್ಲಿ ಬಂದ ಆ್ಯರೋ ಫಂಕ್ಷನ್ನಿನಿಂದ ಇದು ಒಂದೇ ಸಾಲಿನ ಕೆಲಸ.

- ಆರ್ಗ್ಯುಮೆಂಟ್ ಮೂರು ದಾಟಿದರೆ ಒಂದು ಆಬ್ಜೆಕ್ಟಿನಲ್ಲಿ ಕಟ್ಟಿ ಕೊಡಿ. ಎಂಟು ಹತ್ತಾದರೆ ಆ ಫಂಕ್ಷನ್ ಮೈಮೇಲೆ ಹೆಚ್ಚು ಕೆಲಸ ಹೊತ್ತಿದೆ ಎಂದರ್ಥ, ಅದನ್ನೇ ಒಡೆಯಿರಿ.

- ಡಿಫಾಲ್ಟ್ ಬಗ್ಗೆ ಹುಷಾರು. ನಿಜವಾದ ಫೆಚ್ಚನ್ನೇ ಡಿಫಾಲ್ಟ್ ಇಟ್ಟರೆ, ಟೆಸ್ಟಿನಲ್ಲಿ ಬದಲಿ ಕೊಡಲು ಮರೆತಾಗ ಸದ್ದಿಲ್ಲದೆ ಸರ್ವರಿಗೆ ಹೋಗುತ್ತದೆ.

- ಜೋಡಣೆ ಒಂದೇ ಕಡೆ ಇರಲಿ. ಯಾರಿಗೆ ಏನು ಕೊಡಬೇಕೆಂಬುದನ್ನು ಪ್ರೋಗ್ರಾಂ ಶುರುವಾಗುವ ಫೈಲಿನಲ್ಲಿ ತೀರ್ಮಾನಿಸಿ.

- ಎಲ್ಲವನ್ನೂ ಹೊರಗಿಂದ ತರಬೇಡಿ. ಮ್ಯಾತ್.ರೌಂಡ್, ಮ್ಯಾಪ್‌ನಂಥವು ಕೊಟ್ಟದ್ದಕ್ಕೆ ತಕ್ಕ ಉತ್ತರವನ್ನಷ್ಟೇ ಕೊಡುತ್ತವೆ. ಅವನ್ನು ನೇರವಾಗಿ ಬಳಸಿದರೆ ದೋಷವಿಲ್ಲ. ಬದಲಿ ಹಾಕುವ ಅಗತ್ಯ ಬರುವುದು ನೆಟ್, ಡೇಟಾಬೇಸ್, ಸಮಯ ಇಂಥವಕ್ಕೆ.

ಇವತ್ತು ಸಂಜೆ ವೈಫೈ ಆಫ್ ಮಾಡಿ ನಿಮ್ಮ ಪ್ರಾಜೆಕ್ಟಿನ ಟೆಸ್ಟ್ ಓಡಿಸಿ. ಲೆಕ್ಕದ ಯಾವ ಟೆಸ್ಟ್ ಬೀಳುತ್ತದೋ, ತಿದ್ದುವುದನ್ನು ಅಲ್ಲಿಂದ ಶುರುಮಾಡಿ.