ಒಂದೇ ಕಾರು, ಎರಡು ಲೆಕ್ಕ

ಒಂದೇ ಮಾದರಿಯ ಹೊಸ ಹ್ಯಾಚ್‌ಬ್ಯಾಕ್ ಕಾರನ್ನು ಕೊಂಡ ಇಬ್ಬರಲ್ಲಿ ಒಬ್ಬರಿಗೆ ಲೀಟರಿಗೆ 20 ಕಿಲೋಮೀಟರು, ಮತ್ತೊಬ್ಬರಿಗೆ 14 ದೊರೆಯಿತೆಂದು ಭಾವಿಸೋಣ. ಇಬ್ಬರ ಮಾತೂ ದಿಟವಾಗಿರಬಹುದೆ? ಇರಬಹುದು. ಕಾರಣವನ್ನು ವಿಚಾರಿಸೋಣ.

ಸಮತಟ್ಟಾದ ರಸ್ತೆಯಲ್ಲಿ ಓಡುವ ಕಾರನ್ನು ಮುಖ್ಯವಾಗಿ ಎರಡು ಬಲಗಳು ತಡೆಯುತ್ತವೆ. ಗಾಲಿಗಳ ಉರುಳು ಘರ್ಷಣೆಯು ಕಾರಿನ ತೂಕವನ್ನು ಅನುಸರಿಸುತ್ತದೆ; ವಾಯುವಿನ ತಡೆಯು ವೇಗದ ವರ್ಗವನ್ನು ಅನುಸರಿಸುತ್ತದೆ. ಗಂಟೆಗೆ 80 ಕಿ.ಮೀ. ವೇಗವು 120ಕ್ಕೆ ಏರಿದರೆ ವೇಗ ಹೆಚ್ಚಿದುದು ಒಂದೂವರೆ ಪಟ್ಟು ಮಾತ್ರ. ವಾಯುವಿನ ತಡೆಯಾದರೋ 2.25 ಪಟ್ಟಾಗುತ್ತದೆ. ಊರೊಳಗಿನ ನಷ್ಟ ಬೇರೆ ಬಗೆಯದು: ಬ್ರೇಕು ಒತ್ತಿದಾಗಲೆಲ್ಲ ಪೆಟ್ರೋಲಿನಿಂದ ಪಡೆದ ಚಲನಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ.

ಯುರೋಪಿನಲ್ಲಿ ಹಿಂದಿದ್ದ ಪ್ರಯೋಗಶಾಲೆಯ ಪರೀಕ್ಷೆಯು ಸುಮಾರು 20 ನಿಮಿಷಗಳ, 11 ಕಿ.ಮೀ. ಓಟವನ್ನಷ್ಟೇ ಅಳೆಯುತ್ತಿತ್ತು. ಅದರ ಫಲಕ್ಕೂ ರಸ್ತೆಯ ಅನುಭವಕ್ಕೂ ಅಂತರ ಹೆಚ್ಚಿದುದರಿಂದ, 2017ರಲ್ಲಿ 30 ನಿಮಿಷಗಳ, 23 ಕಿ.ಮೀ. ಓಟದ ಹೊಸ ಪರೀಕ್ಷೆಯು ಜಾರಿಗೆ ಬಂದಿತು. ಇದರಲ್ಲಿ ಸರಾಸರಿ ವೇಗವೂ ಹೆಚ್ಚು.

ಆದುದರಿಂದ ಎರಡು ಕಾರುಗಳನ್ನು ಹೋಲಿಸುವಾಗ ನಾವು ಮಾರ್ಗ, ವೇಗ, ಹೊರೆ ಇವುಗಳನ್ನು ಒಂದೇ ಸಮನಾಗಿ ಇರಿಸಬೇಕು. ಟ್ಯಾಂಕು ತುಂಬಿಸಿ ಹೊರಟು, ಮತ್ತೆ ತುಂಬಿಸುವಾಗ ಹಿಡಿದ ಪೆಟ್ರೋಲಿನಿಂದ ಕ್ರಮಿಸಿದ ದೂರವನ್ನು ಭಾಗಿಸಬೇಕು. ಆಗ ಮಾತ್ರ ದೊರೆತ ವ್ಯತ್ಯಾಸವನ್ನು ಕಾರಿನದೆಂದು ಹೇಳಬಹುದು.