ಕೆಡ್ಡಸವೂ ವಿಶ್ರಾಂತಿಯೂ

ವಿಶ್ರಾಂತಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಆಲಸ್ಯದ ನೆನಪಾಗುತ್ತದೆ. ಆದರೆ ಇವೆರಡೂ ಒಂದಲ್ಲ. ಮಾಡಬೇಕಾದುದನ್ನು ಮಾಡದೆ ಕೂರುವುದು ಆಲಸ್ಯ; ದುಡಿದವನು ದಣಿವಾರಿಸಿಕೊಂಡು ತನ್ನನ್ನು ತಾನು ಕಂಡುಕೊಳ್ಳುವುದು ವಿಶ್ರಾಂತಿ. ಈ ಭೇದವನ್ನು ನಮ್ಮ ತುಳುನಾಡಿನ ಒಕ್ಕಲುಮಕ್ಕಳು ಗ್ರಂಥಗಳಿಂದ ಕಲಿಯಲಿಲ್ಲ, ಮಣ್ಣಿನಿಂದ ಕಲಿತರು. ಕೆಡ್ಡಸವೆಂಬ ಆಚರಣೆಯೇ ಇದಕ್ಕೆ ಸಾಕ್ಷಿ.

ಪೊನ್ನಿ ತಿಂಗಳು ಮುಗಿಯುವ ಕಾಲಕ್ಕೆ, ಅಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಮೂರು ದಿನ ಕೆಡ್ಡಸ ಬರುತ್ತದೆ. ಆಗ ಭೂಮಿತಾಯಿ ಋತುಮತಿಯಾಗಿರುವಳೆಂದು ನಂಬಿಕೆ. ಆದುದರಿಂದ ನೆಲವನ್ನು ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿರನ್ನು ಕಡಿಯುವಂತಿಲ್ಲ. ಮನೆಯಲ್ಲಿ ಕುಚ್ಚಲಕ್ಕಿಯನ್ನು ಹುರಿದು ಪುಡಿಮಾಡಿ, ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ಯೆರಿ ಸಿದ್ಧವಾಗುತ್ತದೆ. ನುಗ್ಗೆ-ಬದನೆಯ ಪದಾರ್ಥವೂ ಇರುತ್ತದೆ. ಕೊನೆಯ ದಿನ ತುಳಸಿಕಟ್ಟೆಯ ಬಳಿ ಸೆಗಣಿ ಸಾರಿಸಿ, ಸೀಗೆ, ಅರಸಿನ, ಕುಂಕುಮಗಳನ್ನಿಟ್ಟು, ನೆಲಕ್ಕೆ ಎಣ್ಣೆಯೆರೆಯುತ್ತಾರೆ. ಅದು ಭೂಮಿತಾಯಿಯ ಸ್ನಾನ.

ಏಣೇಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆದ ಗದ್ದೆಗಳಿದ್ದ ನಾಡು ಇದು. ಮೂರು ದಿನದ ಬಿಡುವಿನಿಂದ ಅಂತಹ ನೆಲಕ್ಕೆ ಸತ್ವ ತುಂಬಿಬರುವುದೆಂದು ನಾನು ವಾದಿಸಲಾರೆ. ಆದರೆ ಅನ್ನ ಕೊಡುವವಳಿಗೂ ದಣಿವುಂಟು ಎಂಬ ಅರಿವು ಸಣ್ಣದಲ್ಲ. ಇನ್ನೊಂದು ವಿಶೇಷವುಂಟು. ಕೆಡ್ಡಸದಲ್ಲಿ ಊರಿನ ನೇಗಿಲುಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ತಾನು ನಿಂತರೆ ನೆರೆಯವನು ಮುಂದೆ ಹೋದಾನೆಂಬ ಭಯ ಯಾರಿಗೂ ಇಲ್ಲ. ರಜೆಗಾಗಿ ಆಳು ಒಡೆಯನನ್ನು ಬೇಡಬೇಕಾಗಿಯೂ ಇಲ್ಲ.

ನಮ್ಮ ಮನೆ ಸಿದ್ಧಕಟ್ಟೆಯ ಸಮೀಪ. ಮನೆಯವರಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ತಾಯಿ ಬೀಡಿ ಕಟ್ಟುತ್ತಾರೆ. ಎರಡು ವರ್ಷಗಳ ಹಿಂದಿನ ಕೆಡ್ಡಸದ ಕೊನೆಯ ದಿನ ನೆಲಕ್ಕೆ ಎಣ್ಣೆಯೆರೆದು ಒಳಬಂದವರೇ ಅವರು ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸತೊಡಗಿದರು. “ಭೂಮಿಗೆ ರಜೆ, ಅಮ್ಮನಿಗಿಲ್ಲವೇ?” ಎಂದು ಕೇಳಿದೆ. “ಭೂಮಿಗೆ ಸಾವಿರದ ಲೆಕ್ಕದಲ್ಲಿ ಕೂಲಿಯಿಲ್ಲ ಮಗಾ” ಎಂದರು. ಕೈ ನಿಲ್ಲಲಿಲ್ಲ.

ಆ ಮಾತಿನ ಅರ್ಥವನ್ನು ನಾನು ಆಮೇಲೆ ಗ್ರಂಥಾಲಯದಲ್ಲಿ ಹುಡುಕಿದೆ. ನಮ್ಮ ಸಂವಿಧಾನದ 43ನೆಯ ವಿಧಿಯು ಕಾರ್ಮಿಕರಿಗೆ ಜೀವನಯೋಗ್ಯ ಕೂಲಿಯೊಡನೆ ಬಿಡುವಿನ ಪೂರ್ಣ ಅನುಭವವೂ ದೊರೆಯುವಂತೆ ರಾಜ್ಯವು ಯತ್ನಿಸಬೇಕೆನ್ನುತ್ತದೆ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿಯೂ ವಿಶ್ರಾಂತಿಯನ್ನು ಹಕ್ಕೆಂದು ಸಾರಿದೆ. 1966ರಲ್ಲಿ ಸಂಸತ್ತು ಮಾಡಿದ ಬೀಡಿ ಕಾರ್ಮಿಕರ ಕಾಯ್ದೆಯು ಬೀಡಿಯ ಕೆಲಸದ ಶಾಲೆಗಳಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯೆಂಬ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ಗೊತ್ತುಪಡಿಸಿತ್ತು. ಆದರೆ ಮನೆಯ ಜಗಲಿಗೆ ಬಾಗಿಲು ಮುಚ್ಚುವ ಗಂಟೆ ಎಲ್ಲಿಯದು? ಒಲೆಯ ಕೆಲಸ ಮುಗಿದ ಮೇಲೆ ಬೀಡಿಯ ಕೆಲಸ. ಬೀಡಿಯನ್ನು ಬ್ರ್ಯಾಂಚಿಗೆ ಮುಟ್ಟಿಸಿದ ಮೇಲೆ ಪುನಃ ಒಲೆ.

ಇನ್ನೊಂದು ಸಂಗತಿಯನ್ನೂ ಓದಿದೆ. ಇಂಗ್ಲಿಷಿನಲ್ಲಿ ‘ಸ್ಕೂಲ್’ ಎಂಬ ಪದದ ಮೂಲ ‘ಸ್ಖೋಲೆ’ ಎಂಬ ಗ್ರೀಕ್ ಪದ. ಅದರ ಅರ್ಥ ಬಿಡುವು. ಓದಿದಾಗ ನನಗೆ ನಾಚಿಕೆಯಾಯಿತು. ಹಾಗಾದರೆ ಮೂರು ವರ್ಷ ಕಾಲೇಜಿನಲ್ಲಿ ನಾನು ಅನುಭವಿಸಿದ ಬಿಡುವು ಯಾರದು? ನನ್ನ ಪಾಠಗಳ ಒಂದೊಂದು ಗಂಟೆಯನ್ನೂ ತಾಯಿ ತಮ್ಮ ಬಿಡುವಿನಿಂದ ಕತ್ತರಿಸಿ ಕೊಟ್ಟಿದ್ದರು.

ಕಳೆದ ಕೆಡ್ಡಸದಲ್ಲಿ ಗೆರಸೆಯನ್ನು ನಾನು ತೆಗೆದುಕೊಂಡೆ. ನನ್ನ ಬೀಡಿಗಳು ಸೊಟ್ಟಗಾದವು, ಅರ್ಧಕ್ಕರ್ಧ ಬಿಚ್ಚಬೇಕಾಯಿತು. ತಾಯಿ ಜಗಲಿಯಲ್ಲಿ ಕುಳಿತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಮೆಲ್ಲನೆ, ಹಿಂದೆ ನೇಜಿ ನೆಡುವಾಗ ಹೇಳುತ್ತಿದ್ದ ಒಂದು ಓಬೇಲೆ ಹಾಡನ್ನು ಹಾಡಿದರು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಕೇಳಿರಲಿಲ್ಲ.

ವಿಶ್ರಾಂತಿಯಿಲ್ಲದ ಬಾಳಿನಲ್ಲಿ ದುಡಿಮೆ ಉಳಿದೀತು, ದುಡಿಯುವ ಮನುಷ್ಯ ಮರೆಯಾಗುತ್ತಾನೆ. ಈ ವರ್ಷ ಪದವಿ ಪಡೆದು ಹೊರಡಲಿರುವ ನಾವು ನಾಳೆ ಅಧ್ಯಾಪಕರೋ ಗುಮಾಸ್ತರೋ ಆಗಬಹುದು. ನಮಗೆ ಭಾನುವಾರಗಳು ದೊರೆಯಬಹುದು. ಆ ಭಾನುವಾರಗಳಂದು ನಮ್ಮ ಮನೆಯ ಗೆರಸೆ ಯಾರ ತೊಡೆಯ ಮೇಲಿದೆಯೆಂದು ಒಮ್ಮೆ ನೋಡೋಣ. ಮಣ್ಣಿಗೆ ರಜೆ ಕೊಡಬಲ್ಲ ನಾಡಿಗೆ ತಾಯಂದಿರಿಗೆ ರಜೆ ಕೊಡುವುದು ಅಸಾಧ್ಯವಾಗಬಾರದು.